ನೋವು ಹೋದ ಮೇಲೆ

ಭುಜ ನೋವಿಗೆ ನಮ್ಮಲ್ಲಿ ಹೆಸರುಗಳಿಗೆ ಬರವಿಲ್ಲ. ಉಳುಕು, ವಾಯು, ನರ ಹಿಡಿದದ್ದು, ರಾತ್ರಿ ತಲೆದಿಂಬು ಸರಿಯಿರಲಿಲ್ಲ. ಬೆಂಗಳೂರಿನ ಆಫೀಸಿಗೆ ಬಂದರೆ ಅದೇ ನೋವು ಇಂಗ್ಲಿಷ್ ಹೆಸರು ಇಟ್ಟುಕೊಳ್ಳುತ್ತೆ: ಫ್ರೋಜನ್ ಶೋಲ್ಡರ್, ಸ್ಪಾಂಡಿಲೈಟಿಸ್, ಲ್ಯಾಪ್‌ಟಾಪ್ ಪೋಶ್ಚರ್. ಇನ್ನು ಮುಂಡಗೋಡ ತಾಲ್ಲೂಕಿನ ಮಳಗಿಯಂಥ ಊರಲ್ಲಿ, ಜೀವಮಾನವಿಡೀ ಭತ್ತದ, ಗೋವಿನಜೋಳದ ಚೀಲ ಹೊತ್ತವರಿಗೆ ಭುಜ ನೋಯದೆ ಇನ್ನೇನು ನೋಯಬೇಕು? ಫೋನಿನಲ್ಲಿ ‘ಅಪ್ಪಾ, ಭುಜ ಹೆಂಗೈತಿ?’ ಅಂದರೆ ‘ಹಂಗ ಐತಿ, ಎಣ್ಣಿ ಹಚ್ಚೇನಿ’ ಅನ್ನುವ ಉತ್ತರ. ಬಹುತೇಕ ಸಲ ಅದು ಎಣ್ಣೆಗೆ, ವಿಶ್ರಾಂತಿಗೆ ಹೋಗುವ ನೋವೇ. ಹೆದರುವಂಥದ್ದೇನೂ ಇರಲ್ಲ.

ಆದರೆ ಅಪರೂಪಕ್ಕೆ ಒಮ್ಮೆ ಆ ನೋವು ಭುಜದ್ದಾಗಿರುವುದಿಲ್ಲ, ಶ್ವಾಸಕೋಶದ್ದಾಗಿರುತ್ತದೆ.

ಶ್ವಾಸಕೋಶದ ತುದಿ ನಾವು ಅಂದುಕೊಂಡದ್ದಕ್ಕಿಂತ ಮೇಲಿದೆ. ಕಾಲರ್ ಬೋನಿನ ಮೇಲೆ, ಕತ್ತಿನ ಬುಡದಲ್ಲಿ ಬೆರಳಿಟ್ಟರೆ ಅದರ ಕೆಳಗೇ ಅದು. ಆ ಇಕ್ಕಟ್ಟಿನ ಜಾಗದಲ್ಲಿ ಅದರ ನೆರೆಹೊರೆಯವರು ಯಾರು ನೋಡಿ: ತೋಳಿಗೆ ಹೋಗುವ ನರಗಳ ಗೊಂಚಲು, ತೋಳಿನ ದೊಡ್ಡ ರಕ್ತನಾಳ, ಮೊದಲ ಪಕ್ಕೆಲುಬು, ಬೆನ್ನುಮೂಳೆ, ಅದರೊಳಗೆ ಬೆನ್ನುಹುರಿ. ಜೊತೆಗೆ ಕಣ್ಣಿನ ಪಾಪೆಯನ್ನು ಹಿಗ್ಗಿಸುವ, ರೆಪ್ಪೆಯನ್ನು ಎತ್ತಿ ಹಿಡಿಯಲು ನೆರವಾಗುವ, ಮುಖಕ್ಕೆ ಬೆವರು ತರಿಸುವ ನರಗಳ ಒಂದು ಗಂಟು. ಇಲ್ಲಿ ಗಡ್ಡೆ ಬೆಳೆದರೆ ಕೆಮ್ಮು ಬರುವುದಕ್ಕೆ ಮೊದಲೇ ಭುಜ ನೋಯುತ್ತದೆ. ನೋವು ತೋಳಿನ ಒಳಬದಿಯಲ್ಲಿ ಇಳಿದು ಕಿರುಬೆರಳಿಗೆ ಹೋಗುತ್ತದೆ. ಕೈಯ ಸಣ್ಣ ಸ್ನಾಯುಗಳು ಕರಗಿ ಹಿಡಿತ ಸಡಿಲಾಗುತ್ತದೆ. ಆಮೇಲೆ ಒಂದು ಕಣ್ಣಿನ ರೆಪ್ಪೆ ಇಳಿಬೀಳುತ್ತದೆ, ಪಾಪೆ ಕಿರಿದಾಗುತ್ತದೆ, ಮುಖದ ಅರ್ಧ ಭಾಗ ಬೆವರುವುದಿಲ್ಲ. ನೂರು ಶ್ವಾಸಕೋಶದ ಕ್ಯಾನ್ಸರ್‌ಗಳಲ್ಲಿ ಇಂಥವು ಸುಮಾರು 3ರಿಂದ 5, ಅಷ್ಟೇ. ವೈದ್ಯರು ಇದನ್ನು ಪ್ಯಾಂಕೋಸ್ಟ್ ಗಡ್ಡೆ ಅನ್ನುತ್ತಾರೆ.

ಇದರ ಚಿಕಿತ್ಸೆಯ ಚರಿತ್ರೆಯಲ್ಲಿ ಒಂದು ವಿಚಿತ್ರ ತಿರುವಿದೆ. ‘ಇನ್ನೇನೂ ಆಗಲ್ಲ, ನೋವಾದರೂ ಕಡಿಮೆಯಾಗಲಿ’ ಅಂತ ಕೊಟ್ಟ ವಿಕಿರಣವೇ ಮುಂದೆ ಗುಣಪಡಿಸುವ ಚಿಕಿತ್ಸೆಯ ಮೊದಲ ಮೆಟ್ಟಿಲಾಯಿತು. ಆ ತಿರುವು ಗೊತ್ತಿದ್ದರೆ ಇವತ್ತು ಮಳಗಿಯಿಂದ ಹುಬ್ಬಳ್ಳಿಗೆ ಬಸ್ ಹತ್ತುವ ರೋಗಿಯ ಮನೆಯವರು ಒಂದು ದೊಡ್ಡ ತಪ್ಪು ತಪ್ಪಿಸಬಹುದು. ಅದಕ್ಕೇ ಈ ಕಥೆ.

ಕಥೆ ಎಕ್ಸ್‌ರೇಗಿಂತ ಹಳೆಯದು. 1838ರಲ್ಲಿ ಎಡ್ವಿನ್ ಹೇರ್ ಎಂಬ ಇಂಗ್ಲೆಂಡಿನ ವೈದ್ಯ ಲಂಡನ್ನಿನ ಒಂದು ವೈದ್ಯಕೀಯ ಪತ್ರಿಕೆಗೆ ಪತ್ರ ಬರೆದು, ಕತ್ತಿನ ಬುಡದ ಗಡ್ಡೆಯೊಂದು ತೋಳಿನ ನರಗಳನ್ನೂ ಕಣ್ಣನ್ನೂ ಹೇಗೆ ಹಿಡಿದಿತ್ತು ಎಂದು ವಿವರಿಸಿದ್ದ. ಒಳಗೆ ಏನಿದೆ ಎಂದು ರೋಗಿ ಬದುಕಿರುವಾಗ ನೋಡುವ ದಾರಿಯೇ ಇರಲಿಲ್ಲ. ಆ ದಾರಿ ತೆರೆದದ್ದು 1895ರ ನವೆಂಬರ್ 8ರಂದು, ಜರ್ಮನಿಯಲ್ಲಿ ರಾಂಟ್‌ಜೆನ್ ಎಕ್ಸ್ ಕಿರಣಗಳನ್ನು ಕಂಡಾಗ.

ಎಕ್ಸ್‌ರೇ ಬಂತು, ಆದರೆ ಈ ಗಡ್ಡೆ ಆಗಲೂ ಬಚ್ಚಿಟ್ಟುಕೊಂಡಿತು. ಫಿಲ್ಮಿನಲ್ಲಿ ಶ್ವಾಸಕೋಶದ ತುದಿಯ ಮೇಲೆ ಕಾಲರ್ ಬೋನು, ಮೊದಲ ಪಕ್ಕೆಲುಬು ಎರಡೂ ಅಡ್ಡ ಬರುತ್ತವೆ. ಅವುಗಳ ಹಿಂದಿನ ಮಸುಕು ನೆರಳನ್ನು ಯಾರೂ ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ. ಅದನ್ನು ಹಿಡಿದವರು ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಹೆನ್ರಿ ಪ್ಯಾಂಕೋಸ್ಟ್. 1875ರಲ್ಲಿ ಹುಟ್ಟಿದ ಇವರು ಎಕ್ಸ್‌ರೇ ವಿಭಾಗದ ಪ್ರಾಧ್ಯಾಪಕರಾಗಿದ್ದರು. 1924ರ ಲೇಖನದಲ್ಲಿ ಅವರು ಹೇಳಿದ್ದು ಇಷ್ಟೇ: ಎದೆಯ ತುದಿಯನ್ನು ಎಚ್ಚರದಿಂದ ನೋಡಿ. 1932ರಲ್ಲಿ ಇನ್ನೊಂದು ಲೇಖನ ಬರೆದು ಗಡ್ಡೆಗೆ ಹೆಸರನ್ನೂ ಇಟ್ಟರು. ಆದರೆ ಅದು ಶ್ವಾಸಕೋಶದ್ದಲ್ಲ, ಭ್ರೂಣದ ಕಾಲದಲ್ಲಿ ಉಳಿದುಹೋದ ಜೀವಕೋಶಗಳಿಂದ ಹುಟ್ಟಿದ್ದು ಅಂತ ಅವರ ಊಹೆ. ಅದೇ 1932ರಲ್ಲಿ ಅರ್ಜೆಂಟೀನಾದ ಟೋಬಿಯಾಸ್ ಇದು ಶ್ವಾಸಕೋಶದ ಕ್ಯಾನ್ಸರೇ ಎಂದರು. ಸರಿ ಹೇಳಿದವರು ಟೋಬಿಯಾಸ್, ಹೆಸರು ಉಳಿದದ್ದು ಪ್ಯಾಂಕೋಸ್ಟ್ ಅವರದ್ದು. ವೈದ್ಯಕೀಯದ ಕ್ರೆಡಿಟ್ ಹಂಚಿಕೆಯೂ ನಮ್ಮ ಆಫೀಸಿನ ಅಪ್ರೈಸಲ್ ಥರಾನೇ.

ಹೆಸರು ಸಿಕ್ಕಿತು, ಔಷಧಿ ಸಿಗಲಿಲ್ಲ. ಪ್ಯಾಂಕೋಸ್ಟ್ 1939ರಲ್ಲಿ ತೀರಿಕೊಂಡಾಗಲೂ ಈ ಗಡ್ಡೆ ಅಂದರೆ ಸಾವು ಅಂತಲೇ ಅರ್ಥ. ನರಕ್ಕೆ ಅಂಟಿದ ಗಡ್ಡೆಯನ್ನು ಕತ್ತರಿಸುವುದು ಹೇಗೆ? ಕತ್ತರಿ ಹಾಕಿದ ಕಡೆಯೆಲ್ಲ ಗಡ್ಡೆಯ ಚೂರು ಉಳಿಯುತ್ತಿತ್ತು.

ವಿಕಿರಣಕ್ಕೂ ಅಲ್ಲಿ ಸುಲಭದ ದಾರಿ ಇರಲಿಲ್ಲ. ನಮ್ಮ ಕಡೆ ಇದಕ್ಕೆ ‘ಕರೆಂಟ್ ಕೊಡೋದು’ ಅಂತಾರೆ. ಕರೆಂಟಿಗೂ ಇದಕ್ಕೂ ಸಂಬಂಧವಿಲ್ಲ, ಶಾಕ್ ಹೊಡೆಯುವುದಿಲ್ಲ, ಕಿರಣ ಬೀಳುವಾಗ ನೋವೂ ಆಗುವುದಿಲ್ಲ. ಕಿರಣ ಮಾಡುವುದು ಜೀವಕೋಶದ ಡಿಎನ್‌ಎಯನ್ನು ಮುರಿಯುವ ಕೆಲಸ. ಆರೋಗ್ಯವಂತ ಜೀವಕೋಶ ಆ ಮುರಿತವನ್ನು ಕೆಲವು ತಾಸುಗಳಲ್ಲಿ ಬಹುಮಟ್ಟಿಗೆ ರಿಪೇರಿ ಮಾಡಿಕೊಳ್ಳುತ್ತದೆ, ಕ್ಯಾನ್ಸರ್ ಜೀವಕೋಶಕ್ಕೆ ಆ ರಿಪೇರಿ ಅಷ್ಟು ಚೆನ್ನಾಗಿ ಬರುವುದಿಲ್ಲ. ಚಿಕಿತ್ಸೆಯೆಲ್ಲ ನಿಂತಿರುವುದು ಈ ವ್ಯತ್ಯಾಸದ ಮೇಲೆ.

ಹಾಗಾದರೆ ದಿನಕ್ಕಿಷ್ಟು ಅಂತ ಹಂಚಿ ಕೊಡಬೇಕು ಎಂದು ತೋರಿಸಿಕೊಟ್ಟವು ಪ್ಯಾರಿಸ್ಸಿನ ಟಗರುಗಳು. ಅಲ್ಲಿನ ರೇಡಿಯಂ ಸಂಸ್ಥೆಯಲ್ಲಿ ಕ್ಲಾಡ್ ರೆಗೋ ಎಂಬ ವಿಜ್ಞಾನಿ ಟಗರಿನ ವೃಷಣದ ಮೇಲೆ ಪ್ರಯೋಗ ಮಾಡಿದರು. ಒಂದೇ ಸಲ ದೊಡ್ಡ ಡೋಸ್ ಕೊಟ್ಟರೆ ಸಂತಾನಶಕ್ತಿ ಹೋಗುವಷ್ಟರಲ್ಲಿ ಮೇಲಿನ ಚರ್ಮ ಸುಟ್ಟುಹೋಗುತ್ತಿತ್ತು. ಹಲವು ದಿನಗಳಿಗೆ ಹಂಚಿ ಕೊಟ್ಟರೆ ಚರ್ಮ ಉಳಿಯುತ್ತಿತ್ತು, ಒಳಗಿನ ಕೆಲಸವೂ ಆಗುತ್ತಿತ್ತು. ವೇಗವಾಗಿ ಒಡೆಯುವ ವೃಷಣದ ಜೀವಕೋಶಗಳು ಅಲ್ಲಿ ಗಡ್ಡೆಯ ಪಾತ್ರ ವಹಿಸಿದ್ದವು. ಅದೇ ಸಂಸ್ಥೆಯ ಹೆನ್ರಿ ಕೂಟಾರ್ 1920, 30ರ ದಶಕಗಳಲ್ಲಿ ಗಂಟಲಿನ ಕ್ಯಾನ್ಸರ್ ರೋಗಿಗಳಿಗೆ ಹೀಗೆ ವಾರಗಟ್ಟಲೆ ಹಂಚಿ ಕೊಟ್ಟು ಫಲ ತೋರಿಸಿದರು. ಅಲ್ಲಿಂದ ವಿಕಿರಣದ ಡೋಸ್ ಅಂದರೆ ‘ಎಷ್ಟು’ ಮಾತ್ರ ಅಲ್ಲ, ‘ಎಷ್ಟು ದಿನದಲ್ಲಿ’ ಅನ್ನುವುದೂ ಅದರೊಳಗೇ ಸೇರಿತು.

ಇನ್ನೊಂದು ಅಡ್ಡಿ ಆಳದ್ದು. ಹಳೆಯ ಎಕ್ಸ್‌ರೇ ಯಂತ್ರಗಳು ತಮ್ಮ ಶಕ್ತಿಯ ಹೆಚ್ಚಿನ ಪಾಲನ್ನು ಚರ್ಮದ ಮೇಲೇ ಸುರಿಯುತ್ತಿದ್ದವು. 1951ರಲ್ಲಿ ಕೆನಡಾದ ಲಂಡನ್ ಮತ್ತು ಸಾಸ್ಕಟೂನ್ ಎಂಬ ಎರಡು ಊರುಗಳಲ್ಲಿ ಕೋಬಾಲ್ಟ್-60 ಯಂತ್ರಗಳು ಕೆಲಸ ಶುರು ಮಾಡಿದವು. ಅಣು ರಿಯಾಕ್ಟರ್‌ನಲ್ಲಿ ತಯಾರಾದ ಕೋಬಾಲ್ಟ್‌ನ ಗಾಮಾ ಕಿರಣಗಳ ಪೂರ್ಣ ಪೆಟ್ಟು ಬೀಳುವುದು ಚರ್ಮದಿಂದ ಸುಮಾರು ಅರ್ಧ ಸೆಂಟಿಮೀಟರ್ ಒಳಗೆ. ಚರ್ಮ ಸುಡುವ ಭಯ ಕಡಿಮೆಯಾಗಿ, ಎದೆಯೊಳಗಿನ ಗಡ್ಡೆಗೆ ಸಾಕಷ್ಟು ಡೋಸ್ ಮುಟ್ಟಿಸುವುದು ಸಾಧ್ಯವಾಯಿತು.

ಈಗ ಆ ತಿರುವಿಗೆ ಬರೋಣ. ಊರು ಅಮೆರಿಕದ ಡಲ್ಲಾಸ್, ವರ್ಷ 1956. ರಾಬರ್ಟ್ ಶಾ ಮತ್ತು ಡೊನಾಲ್ಡ್ ಪಾಲ್ಸನ್ ಎಂಬ ಎದೆಯ ಶಸ್ತ್ರವೈದ್ಯರ ಮುಂದೆ ಪ್ಯಾಂಕೋಸ್ಟ್ ಗಡ್ಡೆಯ ಒಬ್ಬ ರೋಗಿ. ಆಪರೇಷನ್ ಆಗದು ಅಂತ ತೀರ್ಮಾನವಾಗಿತ್ತು, ನೋವು ತಡೆಯಲಿಕ್ಕೆ ವಿಕಿರಣ ಕೊಟ್ಟರು. ನೋವು ಹೋಯಿತು. ಗಡ್ಡೆಯೂ ಕುಗ್ಗಿತ್ತು. ಸಾಮಾನ್ಯವಾಗಿ ಕಥೆ ಅಲ್ಲಿಗೆ ಮುಗಿಯಬೇಕು: ರೋಗಿ ಸಮಾಧಾನವಾಗಿ ಮನೆಗೆ ಹೋಗುತ್ತಾನೆ, ಕೆಲವು ತಿಂಗಳ ನಂತರ ಗಡ್ಡೆ ಮತ್ತೆ ಬೆಳೆಯುತ್ತದೆ. ಇವರು ಹಾಗೆ ಬಿಡಲಿಲ್ಲ. ಕುಗ್ಗಿದೆ ಅಂದಮೇಲೆ ಈಗ ಯಾಕೆ ಕತ್ತರಿಸಬಾರದು ಎಂದು ಆಪರೇಷನ್ ಮಾಡಿದರು. ಗಡ್ಡೆ ಪೂರ್ತಿ ಹೊರಬಂತು.

ಅದನ್ನೇ ಪದ್ಧತಿ ಮಾಡಿಕೊಂಡರು. ಎರಡು ವಾರಗಳಲ್ಲಿ 3000 ರ‍್ಯಾಡ್, ಇವತ್ತಿನ ಅಳತೆಯಲ್ಲಿ 30 ಗ್ರೇ. ಆಮೇಲೆ ಸುಮಾರು ಒಂದು ತಿಂಗಳು ಬಿಟ್ಟು ಆಪರೇಷನ್. 1961ರಲ್ಲಿ ಇದನ್ನು ಪ್ರಕಟಿಸಿದರು. ಇದಕ್ಕೆ ಕೆಲವು ವರ್ಷ ಮೊದಲು, 1953ರಲ್ಲಿ, ಚಾರ್ಡಾಕ್ ಮತ್ತು ಮೆಕ್ಯಾಲಂ ಎಂಬ ವೈದ್ಯರು ಮೊದಲು ಆಪರೇಷನ್, ನಂತರ ವಿಕಿರಣ ಎಂಬ ಕ್ರಮದಲ್ಲಿ ಒಬ್ಬ ರೋಗಿಯಲ್ಲಿ ಯಶಸ್ಸು ಕಂಡಿದ್ದರು. ಡಲ್ಲಾಸ್‌ನವರು ಆ ಕ್ರಮವನ್ನು ತಿರುಗಿಸಿದರು. ಮುಂದಿನ ಸುಮಾರು ನಾಲ್ಕು ದಶಕ ಪ್ರಪಂಚ ಅನುಸರಿಸಿದ್ದು ಅವರ ಕ್ರಮವನ್ನೇ. ಅಂದಹಾಗೆ, 1963ರ ನವೆಂಬರ್ 22ರಂದು ಕೆನಡಿ ಹತ್ಯೆಯ ದಿನ ಅದೇ ಕಾರಿನಲ್ಲಿ ಗುಂಡೇಟು ತಿಂದ ಗವರ್ನರ್ ಕಾನಲಿ ಅವರ ಎದೆಯ ಆಪರೇಷನ್ ಮಾಡಿ ಉಳಿಸಿದವರೂ ಇದೇ ರಾಬರ್ಟ್ ಶಾ. ಚರಿತ್ರೆಯಲ್ಲಿ ಅವರ ಹೆಸರು ಬರುವುದು ಆ ಒಂದು ದಿನದ ಲೆಕ್ಕದಲ್ಲಿ. ಆದರೆ ಹೆಚ್ಚು ಜೀವ ಉಳಿಸಿದ್ದು ಆ ‘ಒಂದು ತಿಂಗಳು ಬಿಟ್ಟು’ ಅನ್ನುವ ತೀರ್ಮಾನ.

1990ರ ದಶಕದಲ್ಲಿ ಮುಂದಿನ ಹೆಜ್ಜೆ. ವ್ಯಾಲೆರಿ ರಶ್ ನೇತೃತ್ವದಲ್ಲಿ ಅಮೆರಿಕ, ಕೆನಡಾದ ಹಲವು ಆಸ್ಪತ್ರೆಗಳು ಸೇರಿ 110 ರೋಗಿಗಳಿಗೆ ಐದು ವಾರಗಳಲ್ಲಿ 45 ಗ್ರೇ ವಿಕಿರಣ, ಅದರ ಜೊತೆಗೇ ಎರಡು ಸುತ್ತು ಕೀಮೋ, ನಂತರ ಆಪರೇಷನ್ ಎಂಬ ಕ್ರಮವನ್ನು ಪರೀಕ್ಷಿಸಿದವು. 2007ರಲ್ಲಿ ಬಂದ ಅಂತಿಮ ಫಲಿತಾಂಶ: ಶೇ. 76 ಜನರಲ್ಲಿ ಗಡ್ಡೆಯನ್ನು ಪೂರ್ತಿ ತೆಗೆಯಲು ಆಯಿತು, ಐದು ವರ್ಷದ ನಂತರ ಶೇ. 44 ಜನ ಬದುಕಿದ್ದರು. ಮೊದಲು ಈ ಸಂಖ್ಯೆ ಶೇ. 30ರ ಆಸುಪಾಸು ಇತ್ತು. ಪೂರ್ತಿ ತೆಗೆಯಲು ಸಾಧ್ಯವಾದವರನ್ನು ಮಾತ್ರ ಎಣಿಸಿದರೆ ಶೇ. 54. ಆಪರೇಷನ್ ತಡೆಯಲಾರದವರಿಗೆ ಕೀಮೋ ಜೊತೆ 60 ಗ್ರೇ ಅಥವಾ ತುಸು ಹೆಚ್ಚು, ಆರು ವಾರಕ್ಕೂ ಮೀರಿ. ಅದಕ್ಕಿಂತ ತುಂಬಾ ಮೇಲೆ ಹೋಗಲು ಪಕ್ಕದ ತೋಳಿನ ನರಗಳು, ಬೆನ್ನುಹುರಿ ಬಿಡುವುದಿಲ್ಲ.

1932ರ ಮರಣಪತ್ರ ಹೀಗೆ ‘ಹೆಚ್ಚುಕಮ್ಮಿ ಅರ್ಧಕ್ಕರ್ಧ’ ಅನ್ನುವಲ್ಲಿಗೆ ಬಂತು. ಪ್ರಶ್ನೆ ಏನಂದರೆ, ಈ ಅರ್ಧಕ್ಕರ್ಧ ಯಾರಿಗೆ?

ಈ ಚರಿತ್ರೆಯ ದಿನಾಂಕಗಳನ್ನು ಮಳಗಿಯ ಪಕ್ಕದಲ್ಲಿಟ್ಟು ನೋಡಿ. ಪ್ಯಾಂಕೋಸ್ಟ್ ಬರೆಯುತ್ತಿದ್ದಾಗ ಉತ್ತರ ಕನ್ನಡ ಮುಂಬಯಿ ಪ್ರಾಂತ್ಯದಲ್ಲಿತ್ತು. 1862ರಲ್ಲಿ ಮದರಾಸಿನಿಂದ ಮುಂಬಯಿಗೆ ಸೇರಿದ ಜಿಲ್ಲೆ ಅದು. ಹಾಗಾಗಿ 1941ರ ಫೆಬ್ರವರಿ 28ರಂದು ಮುಂಬಯಿಯಲ್ಲಿ ಟಾಟಾ ಮೆಮೋರಿಯಲ್ ಆಸ್ಪತ್ರೆ ತೆರೆದಾಗ ಅದು ಮಳಗಿಯವರಿಗೆ ಕಾಗದದ ಮೇಲೆ ‘ನಮ್ಮದೇ ಪ್ರಾಂತ್ಯದ’ ಕ್ಯಾನ್ಸರ್ ಆಸ್ಪತ್ರೆ. ಕಾಗದದ ಮೇಲೆ ಮಾತ್ರ. ಧಾರವಾಡ, ಬೆಳಗಾವಿ ಕಡೆಯ ಜನ ದೊಡ್ಡ ಕಾಯಿಲೆ ಅಂದರೆ ಮಿಶನ್ ಆಸ್ಪತ್ರೆ ಹುಡುಕಿಕೊಂಡು ಮಿರಜಿಗೆ ಹೋಗುತ್ತಿದ್ದ ಕಾಲ. ಡಲ್ಲಾಸ್‌ನಲ್ಲಿ ಆ ಆಪರೇಷನ್ ಆದ 1956ರಲ್ಲೇ, ನವೆಂಬರ್ 1ರಂದು, ಉತ್ತರ ಕನ್ನಡ ಮೈಸೂರು ರಾಜ್ಯಕ್ಕೆ ಸೇರಿತು. ಮರುವರ್ಷ ಮದರಾಸಿನ ಅಡ್ಯಾರ್ ಕ್ಯಾನ್ಸರ್ ಇನ್‌ಸ್ಟಿಟ್ಯೂಟ್‌ಗೆ ಕೋಬಾಲ್ಟ್ ಯಂತ್ರ ಬಂತು. ರಾಜ್ಯದ ಸ್ವಂತ ದೊಡ್ಡ ಕ್ಯಾನ್ಸರ್ ಆಸ್ಪತ್ರೆ, ಬೆಂಗಳೂರಿನ ಕಿದ್ವಾಯಿ, ಶುರುವಾದದ್ದು 1973ರಲ್ಲಿ. 1980ರಲ್ಲಿ ಅದು ಸ್ವಾಯತ್ತ ಸಂಸ್ಥೆಯಾಯಿತು, ಪ್ರಾದೇಶಿಕ ಕ್ಯಾನ್ಸರ್ ಕೇಂದ್ರವೂ ಆಯಿತು. ಆಮೇಲೆ ಉತ್ತರ ಕರ್ನಾಟಕದವರಿಗೆ ಹತ್ತಿರದ ಹೆಸರಾಗಿದ್ದು ಹುಬ್ಬಳ್ಳಿ ನವನಗರದಲ್ಲಿ ಡಾ. ಆರ್.ಬಿ. ಪಾಟೀಲರು ಕಟ್ಟಿದ ಕ್ಯಾನ್ಸರ್ ಆಸ್ಪತ್ರೆ. ನಮ್ಮ ವಿಜ್ಞಾನಿಗಳು ಈ ಶತಮಾನದಲ್ಲಿ ಭಾಭಾಟ್ರಾನ್ ಎಂಬ ಸ್ವದೇಶಿ ಕೋಬಾಲ್ಟ್ ಯಂತ್ರವನ್ನೂ ಮಾಡಿದರು. ಈಗ ದೊಡ್ಡ ಊರುಗಳಲ್ಲಿ ಲೀನಿಯರ್ ಆಕ್ಸಿಲರೇಟರ್‌ಗಳಿವೆ. ಗಡ್ಡೆಯ ಆಕಾರಕ್ಕೆ ಕಿರಣವನ್ನು ಕತ್ತರಿಸಿ, ಬೆನ್ನುಹುರಿಯನ್ನು ತಪ್ಪಿಸಿ ಕೊಡುತ್ತವೆ.

ಯಂತ್ರ ಹತ್ತಿರ ಬಂದಿದೆ, ನಿಜ. ಆದರೆ ರೆಗೋ ಅವರ ಟಗರುಗಳು ಕಲಿಸಿದ ಲೆಕ್ಕ ಬದಲಾಗಿಲ್ಲ. 45 ಗ್ರೇ ಅಂದರೆ ದಿನಕ್ಕೆ 1.8ರಂತೆ 25 ದಿನ. ಸೋಮವಾರದಿಂದ ಶುಕ್ರವಾರ, ಐದು ವಾರ. ಟೇಬಲ್ ಮೇಲೆ ಮಲಗುವುದು ದಿನಕ್ಕೆ ಹತ್ತು-ಹದಿನೈದು ನಿಮಿಷ. ಮಳಗಿಯಿಂದ ಹುಬ್ಬಳ್ಳಿಗೆ ಬಸ್ಸಿನಲ್ಲಿ ಎರಡು ತಾಸಿನ ಹಾದಿ, ವಾಪಸ್ ಬರಲು ಅಷ್ಟೇ. ಹತ್ತು ನಿಮಿಷಕ್ಕಾಗಿ ಇಡೀ ದಿನ, ಅದೂ ಇಪ್ಪತ್ತೈದು ಸಲ. ಜೊತೆಗೆ ಒಬ್ಬರು ಹೋಗಬೇಕು. ಮೈಮೇಲೆ ಗುರುತು ಹಾಕಿದ ಗೆರೆ ಅಳಿಸದಂತೆ ಸ್ನಾನ ಮಾಡಬೇಕು. ಮೂರನೇ ವಾರದ ಹೊತ್ತಿಗೆ ನುಂಗುವಾಗ ಗಂಟಲು ಉರಿ, ಸುಸ್ತು. ಚಿಕಿತ್ಸೆಯ ಖರ್ಚಿಗೆ 2018ರಿಂದ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಕಾರ್ಡ್ ಇದೆ. ಆದರೆ ರೂಮಿನ ಬಾಡಿಗೆ, ಹೋಟೆಲ್ ಊಟ, ಜೊತೆಗೆ ಬಂದವರ ತಪ್ಪಿದ ಕೂಲಿ, ಊರಲ್ಲಿ ಹೊಲ ನೋಡುವವರ ಚಿಂತೆ, ಇವೆಲ್ಲ ಮನೆಯವರ ಲೆಕ್ಕಕ್ಕೇ.

ಇಷ್ಟರ ನಡುವೆ ಒಂದು ಒಳ್ಳೆಯ ಸುದ್ದಿ ಬರುತ್ತದೆ. ನೋವು ಇಳಿಯುತ್ತದೆ. ಈ ಗಡ್ಡೆಯಲ್ಲಿ ವಿಕಿರಣ ತುಂಬ ಸಲ ಮೊದಲು ಮಾಡುವ ಉಪಕಾರವೇ ಅದು. ತಿಂಗಳುಗಟ್ಟಲೆ ಕೂತೇ ರಾತ್ರಿ ಕಳೆದ ಮನುಷ್ಯ ಮಲಗಿ ನಿದ್ದೆ ಮಾಡುತ್ತಾನೆ. ಮನೆಯಲ್ಲಿ ಮಾತು ಶುರುವಾಗುತ್ತದೆ: ‘ಆರಾಮಾತಲ್ಲ, ಇನ್ಯಾಕ ಅಡ್ಡಾಡೋದು? ಸುಗ್ಗಿ ಮುಗಿಸಿ ಹೋದರಾತು.’

ಡಲ್ಲಾಸ್‌ನಲ್ಲೂ ಆದದ್ದು ಇದೇ, ನೋವು ಹೋಯಿತು. ಅಲ್ಲಿನ ವೈದ್ಯರು ಅದನ್ನು ಶುರು ಅಂದುಕೊಂಡರು, ಇಲ್ಲಿ ದಣಿದ ಕುಟುಂಬ ಅದನ್ನು ಕೊನೆ ಅಂದುಕೊಳ್ಳುತ್ತದೆ. ಕುಗ್ಗಿದ ಗಡ್ಡೆಯಲ್ಲಿ ಉಳಿದ ಜೀವಕೋಶಗಳು ಸುಮ್ಮನೆ ಕೂರುವುದಿಲ್ಲ. ಚಿಕಿತ್ಸೆ ಶುರುವಾದ ಕೆಲವು ವಾರಗಳ ನಂತರ ಅವು ಮೊದಲಿಗಿಂತ ಬೇಗ ಮರಿ ಹಾಕತೊಡಗುತ್ತವೆ. ನಡುವೆ ಬಿಟ್ಟ ಒಂದೊಂದು ದಿನವೂ ಅವುಗಳ ಖಾತೆಗೆ ಜಮಾ. ಹದಿನೈದು ದಿನ ಬಿಟ್ಟು ಬಂದು ಉಳಿದ ಹತ್ತು ಸಲ ತೆಗೆದುಕೊಂಡರೆ ಒಟ್ಟು ಗ್ರೇ ಅಷ್ಟೇ ಆಗಬಹುದು, ಚಿಕಿತ್ಸೆ ಅದೇ ಆಗುವುದಿಲ್ಲ.

ನಮ್ಮಲ್ಲಿ ಗುರುತಿಸುವ ಹಂತದಲ್ಲೂ ಒಂದು ಸ್ಥಳೀಯ ತೊಡಕಿದೆ. ಶ್ವಾಸಕೋಶದ ತುದಿ ಕ್ಷಯಕ್ಕೂ ಇಷ್ಟದ ಜಾಗ. ತುದಿಯಲ್ಲಿ ನೆರಳು ಕಂಡರೆ ಟಿಬಿ ಅಂದುಕೊಳ್ಳುವುದು ಭಾರತದಲ್ಲಿ ಅಸಹಜವೇನಲ್ಲ, ಎಷ್ಟೋ ಸಲ ಅದು ಸರಿಯೂ ಹೌದು. ಆದರೆ ಕಫ ಪರೀಕ್ಷೆಯಲ್ಲಿ ಕ್ಷಯ ಸಿಗದೆ, ಮಾತ್ರೆ ನುಂಗಿಯೂ ನೆರಳು ಕರಗದೆ, ಭುಜದ ನೋವು ಕಿರುಬೆರಳಿನವರೆಗೆ ಇಳಿಯುತ್ತಿದ್ದರೆ ಇನ್ನೊಮ್ಮೆ ಕೇಳಬೇಕು. ಎಕ್ಸ್‌ರೇಯಲ್ಲಿ ಕಾಲರ್ ಬೋನ್ ಅಡ್ಡ ಬರದಂತೆ ರೋಗಿಯನ್ನು ಹಿಂದಕ್ಕೆ ಬಾಗಿಸಿ ತೆಗೆಯುವ ಭಂಗಿಯೊಂದಿದೆ. ಅನುಮಾನ ಉಳಿದರೆ ಸಿಟಿ ಸ್ಕ್ಯಾನ್. ಬೀಡಿ, ಸಿಗರೇಟು ಸೇದಿದ, ಐವತ್ತು ದಾಟಿದ ಮನುಷ್ಯನಿಗೆ ವಾರಗಟ್ಟಲೆ ಹೋಗದ, ರಾತ್ರಿ ಹೆಚ್ಚುವ ಭುಜ ನೋವು ಇದ್ದರೆ ‘ಎದೆಯ ಎಕ್ಸ್‌ರೇನೂ ತೆಗೀತೀರಾ ಡಾಕ್ಟ್ರೇ?’ ಅಂತ ಕೇಳುವುದರಲ್ಲಿ ಸಂಕೋಚ ಬೇಡ. 1924ರಲ್ಲಿ ಪ್ಯಾಂಕೋಸ್ಟ್ ಕೇಳಿದ್ದೂ ಅಷ್ಟನ್ನೇ.

2019ರ ಜೂನ್‌ನಲ್ಲಿ ಉತ್ತರ ಕನ್ನಡಕ್ಕೆ ತುರ್ತು ಚಿಕಿತ್ಸೆಯ ಆಸ್ಪತ್ರೆ ಬೇಕು ಅಂತ ಟ್ವಿಟರ್ ತುಂಬ ಹ್ಯಾಶ್‌ಟ್ಯಾಗ್ ಓಡಿದ್ದು ನಿಮಗೆ ನೆನಪಿರಬಹುದು. ಬೆಂಗಳೂರಲ್ಲಿ ಕೂತ ಎಷ್ಟೋ ಜನ ಅದನ್ನು ಹಂಚಿದ್ದರು. ನ್ಯಾಯವಾದ ಬೇಡಿಕೆ. ಅಪಘಾತಕ್ಕೆ ಮೊದಲ ಒಂದು ತಾಸು ಮುಖ್ಯ. ಆದರೆ ಕ್ಯಾನ್ಸರ್ ರೋಗಿಗೆ ಬೇಕಾದದ್ದು ಐದು ವಾರ ದಿನಾ ಹೋಗಿಬರಲು ಆಗುವಂಥ ದೂರ, ಅದಾಗದಿದ್ದರೆ ಆಸ್ಪತ್ರೆ ಪಕ್ಕ ಉಳಿಯಲು ಜಾಗ. ಕಿದ್ವಾಯಿ ಆವರಣದ ಧರ್ಮಶಾಲೆ ಅಂಥ ಒಂದು ಜಾಗ. ದಾನಿಗಳ ಹೆಸರು ದೊಡ್ಡದಾಗಿ ಬರುವುದು ಯಂತ್ರದ ಮೇಲೆ. ಆದರೆ ಆ ಧರ್ಮಶಾಲೆಯ ಮಂಚವೂ ಯಂತ್ರದಷ್ಟೇ ಚಿಕಿತ್ಸೆಯ ಭಾಗ. ಜಿಲ್ಲೆಗೆ ಆಸ್ಪತ್ರೆ ಕೇಳುವಾಗ ಮಂಚವನ್ನೂ ಕೇಳಬೇಕು.

ಇದನ್ನು ಓದುವ ನಮ್ಮಂಥವರಿಗೆ ವಿಕಿರಣ ಕೊಡಲು ಬರುವುದಿಲ್ಲ, ಆಪರೇಷನ್ ಮಾಡಲು ಬರುವುದಿಲ್ಲ. ಸೆಕೆಂಡ್ ಒಪಿನಿಯನ್‌ಗೆ ರಿಪೋರ್ಟ್ ವಾಟ್ಸಾಪ್ ಮಾಡಲು ಬರುತ್ತದೆ, ಮಾಡುತ್ತೇವೆ. ಅದಕ್ಕಿಂತ ಉಪಯೋಗದ ಕೆಲಸ ಒಂದಿದೆ. ಊರಿನಲ್ಲಿ ಯಾರಿಗಾದರೂ ಹೀಗೆ ಕರೆಂಟ್ ಕೊಡಬೇಕು ಅಂದಾಗ ಆಸ್ಪತ್ರೆಯ ಹತ್ತಿರ ಐದು ವಾರಕ್ಕೆ ಒಂದು ರೂಮು ಹಿಡಿಯಿರಿ. ಆಫೀಸಿನಲ್ಲಿ ಕೇಳಿ, ಅಲ್ಲಿಂದಲೇ ಕೆಲಸ ಮಾಡಿ. ಅಣ್ಣ-ತಮ್ಮ, ಅಕ್ಕ-ತಂಗಿ ವಾರ ಹಂಚಿಕೊಳ್ಳಿ. ಗೋಡೆಯ ಕ್ಯಾಲೆಂಡರಿನಲ್ಲಿ ಇಪ್ಪತ್ತೈದು ದಿನ ಗುರುತು ಹಾಕಿ, ಮುಗಿದ ಹಾಗೆ ಒಂದೊಂದೇ ಹೊಡೆದು ಹಾಕಿ. ಹನ್ನೆರಡನೆಯದೋ ಹದಿಮೂರನೆಯದೋ ದಿನ ಅಪ್ಪ ‘ನೋವು ಹೋತು, ಊರಿಗೆ ಹೋಗೂಣು’ ಅನ್ನುತ್ತಾರೆ. ಆಗ ಚಹಾ ಮಾಡಿ ಕೊಟ್ಟು, ಇನ್ನೂ ಹೊಡೆದು ಹಾಕದ ದಿನಗಳನ್ನು ತೋರಿಸಿ.